ಕೊರೆಯುವ ಚಳಿಯಲ್ಲಿ ಕಾರಿನ ಏಸಿ ಹಾಕುವ ಬಗ್ಗೆ

ಪುಟ್ಟಾ, ಮೈನಸ್ 15 ಡಿಗ್ರಿ ಚಳಿಯಲ್ಲಿ ಹೀಟರ್ ಜೊತೆಗೆ ಏಸಿಯನ್ನೂ ಹಾಕಬೇಕೆಂದು ಅಮೆರಿಕದ ಮಿನಿಯಾಪೊಲಿಸ್‌ನ ನಿನ್ನ ರೂಮ್‌ಮೇಟ್ ಹೇಳಿದ್ದು ಸರಿಯೇ ಎಂದು ನೀನು ನಿನ್ನೆ ನಮ್ಮ ಮನೆಯವರ ಗುಂಪಿನಲ್ಲಿ ಕೇಳಿದ್ದೆ. ಹಾಗೆ ಮಾಡಿದರೆ ಪುಟ್ಟನಿಗೆ ಶೀತವಾಗುತ್ತದೆ, ಗಾಡಿಯೂ ಕೆಡುತ್ತದೆ ಎಂದು ಅಕ್ಕ, ನೀನು ಗಾಬರಿಯಿಂದ ಬರೆದದ್ದನ್ನೂ ಓದಿದೆ. ಪಾಲಿಟೆಕ್ನಿಕ್‌ನಲ್ಲಿ ಇದನ್ನೇ ಪಾಠ ಮಾಡಿದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇಬ್ಬರೂ ಪೂರ್ತಿ ಕೇಳಿ.

ಏಸಿಯ ಕೆಲಸ ತಂಪು ಮಾಡುವುದಷ್ಟೇ ಎಂದು ನಾವು ಮೈಸೂರಿನವರು ತಿಳಿದಿದ್ದೇವೆ, ಏಕೆಂದರೆ ನಾವು ಅದನ್ನು ಏಪ್ರಿಲ್ ಬಿಸಿಲಿಗೆ ಮಾತ್ರ ಹಾಕುತ್ತೇವೆ. ಆದರೆ ಅದು ಗಾಳಿಯನ್ನು ಒಣಗಿಸುವ ಯಂತ್ರವೂ ಹೌದು. ಬ್ಲೋವರ್ ತಳ್ಳುವ ಗಾಳಿ ಮೊದಲು ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್ ಮೂಲಕ ಹಾಯುತ್ತದೆ. ಫ್ರಿಜ್ಜಿನಿಂದ ಹೊರತೆಗೆದ ತಂಬಿಗೆಯ ಮೈ ಬೆವರುವಂತೆ ಗಾಳಿಯಲ್ಲಿದ್ದ ತೇವವೆಲ್ಲ ಆ ಕಾಯಿಲ್ ಮೇಲೆ ನೀರಾಗಿ ಇಳಿದು, ಕೊಳವೆಯ ಮೂಲಕ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಹೀಗೆ ಒಣಗಿದ ಗಾಳಿ ಅನಂತರ ಹೀಟರ್ ಕೋರ್ ದಾಟಿ, ಎಂಜಿನ್ನಿನ ಶಾಖ ಹೊತ್ತು ತರುವ ದ್ರವವಾದ ಕೂಲೆಂಟ್‌ನಿಂದ ಕಾಯ್ದುಕೊಂಡು ಗಾಜಿನ ಮೇಲೆ ಬೀಳುತ್ತದೆ. ಅಕ್ಕ, ಈ ಕ್ರಮವನ್ನು ಗಮನಿಸು: ತಣ್ಣಗಾಗುವುದು ಮೊದಲು, ಬಿಸಿಯಾಗುವುದು ಆಮೇಲೆ. ಆದ್ದರಿಂದ ಹೀಟರ್ ಬಿಸಿಯ ಕಡೆಗೆ ತಿರುಗಿದ್ದರೆ ಏಸಿಯ ದೀಪ ಉರಿಯುತ್ತಿದ್ದರೂ ಪುಟ್ಟನ ಮುಖಕ್ಕೆ ಬರುವುದು ಬೆಚ್ಚನೆಯ ಗಾಳಿಯೇ.

ಚಳಿ ದೇಶದಲ್ಲಿ ಇದರ ಅಗತ್ಯ ಏಕೆಂದರೆ, ಒಳಗೆ ಕುಳಿತವರ ಉಸಿರು, ಒದ್ದೆ ಕೋಟು, ಬೂಟಿಗೆ ಅಂಟಿ ಬಂದು ಮ್ಯಾಟಿನ ಮೇಲೆ ಕರಗುವ ಹಿಮ, ಇವೆಲ್ಲ ಸೇರಿ ಕಾರಿನೊಳಗಿನ ಗಾಳಿಯನ್ನು ತೇವಗೊಳಿಸುತ್ತವೆ. ಆ ತೇವ ತಣ್ಣನೆಯ ಗಾಜನ್ನು ಮುಟ್ಟಿದೊಡನೆ ಬಿಳಿಯ ಪರದೆ ಕಟ್ಟುತ್ತದೆ. ಎದುರಿನ ರಸ್ತೆ ಕಾಣದೆ ಗಾಡಿ ಓಡಿಸುವುದಕ್ಕಿಂತ ದೊಡ್ಡ ಅಪಾಯ ಮತ್ತೊಂದಿಲ್ಲ. ಗಾಜು ಮತ್ತು ಅಲೆಯಂಥ ಬಾಣಗಳ ಚಿತ್ರವಿರುವ ಗುಂಡಿ ಒತ್ತಿದರೆ ಬಹಳಷ್ಟು ಕಾರುಗಳಲ್ಲಿ ಏಸಿ ತಾನಾಗಿಯೇ ಶುರುವಾಗುವುದು ಈ ಕಾರಣಕ್ಕೇ. ಕಾರು ತಯಾರಿಸಿದವರೇ ಹಾಗೆ ಏರ್ಪಾಡು ಮಾಡಿರುವಾಗ ಗಾಡಿ ಕೆಡುತ್ತದೆಂಬ ಭಯ ಬೇಡ.

ಆದರೆ ನಿನ್ನ ಸ್ನೇಹಿತನ ಮಾತಿಗೆ ಒಂದು ಮಿತಿಯಿದೆ. ಹೊರಗಿನ ಉಷ್ಣತೆ ಸೊನ್ನೆಯ ಹತ್ತಿರಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಾಗ, ಕಾಯಿಲ್ ಮೇಲೆ ಇಳಿದ ನೀರು ಹೆಪ್ಪುಗಟ್ಟಿ ಗಾಳಿಯ ದಾರಿ ಮುಚ್ಚಬಾರದೆಂದು ಹೆಚ್ಚಿನ ಕಾರುಗಳಲ್ಲಿ ಸೆನ್ಸರ್, ಏಸಿಯನ್ನು ನಡೆಸುವ ಕಂಪ್ರೆಸರನ್ನು ತಡೆದುಬಿಡುತ್ತದೆ. ಆಗ ದೀಪ ಉರಿಯುತ್ತಿದ್ದರೂ ಏಸಿ ಓಡುತ್ತಿರುವುದಿಲ್ಲ. ಮೈನಸ್ 15ರಲ್ಲಿ ನೀನು ಆ ಗುಂಡಿ ಒತ್ತಿದರೂ ಬಿಟ್ಟರೂ ಬಹುಶಃ ವ್ಯತ್ಯಾಸವೇ ಆಗುವುದಿಲ್ಲ. ಅಷ್ಟು ಚಳಿಯಲ್ಲಿ ಅದರ ಅಗತ್ಯವೂ ಇಲ್ಲ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, ಸೊನ್ನೆ ಡಿಗ್ರಿಯ ಗಾಳಿ 5 ಗ್ರಾಂನಷ್ಟು, ಮೈನಸ್ 15ರದ್ದು ಒಂದೂವರೆ ಗ್ರಾಂ ಆಸುಪಾಸು. ಅಂಥ ಗಾಳಿಯನ್ನು ಹೊರಗಿನಿಂದ ಎಳೆದು 20 ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆ ಶೇಕಡಾ 10ಕ್ಕಿಂತ ಕೆಳಗಿಳಿಯುತ್ತದೆ. ಗಾಜನ್ನು ಒಣಗಿಸಲು ಅದೊಂದೇ ಸಾಕು.

ಹಾಗಾಗಿ ನೀನು ನಿಜವಾಗಿ ನೋಡಬೇಕಾದದ್ದು ಏಸಿಯ ಗುಂಡಿಯನ್ನಲ್ಲ, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವ ರೀಸರ್ಕ್ಯುಲೇಶನ್ ಗುಂಡಿಯನ್ನು. ಬೇಗ ಬೆಚ್ಚಗಾಗಲೆಂದು ಅದನ್ನು ಒತ್ತಿಟ್ಟರೆ ನಿನ್ನದೇ ಉಸಿರಿನ ತೇವ ಒಳಗೇ ಸುತ್ತುತ್ತಿರುತ್ತದೆ, ಗಾಜು ಬಿಳುಪೇರುತ್ತಲೇ ಹೋಗುತ್ತದೆ. ಅದನ್ನು ತೆಗೆದು ಹೊರಗಿನ ಗಾಳಿಗೆ ದಾರಿ ಬಿಡು, ಹೀಟರನ್ನು ಪೂರ್ತಿ ತಿರುಗಿಸು, ಬ್ಲೋವರ್ ಜೋರಾಗಿಡು. ವೈಪರ್‌ಗಳ ಬುಡದಲ್ಲಿ, ಬಾನೆಟ್ ಮುಗಿಯುವ ಜಾಗದಲ್ಲಿರುವ ಜಾಲರಿಯಿಂದಲೇ ಹೊರಗಿನ ಗಾಳಿ ಒಳಗೆ ಬರುವುದು; ಅಲ್ಲಿ ಹಿಮ ಕೂತಿದ್ದರೆ ಇದಾವುದೂ ಫಲಿಸದು, ಹೊರಡುವ ಮೊದಲು ಕೆರೆದು ತೆಗೆ. ಗಾಜಿನ ಮೇಲಿನ ಮಂಜುಗಡ್ಡೆಗೆ ಬಿಸಿನೀರನ್ನಂತೂ ಸುರಿಯಲೇಬೇಡ, ಗಾಜು ಸೀಳಬಹುದು.

ಏಸಿ ನಿಜಕ್ಕೂ ಉಪಕಾರಕ್ಕೆ ಬರುವುದು ಐದರಿಂದ ಹದಿನೈದು ಡಿಗ್ರಿಯ ಒದ್ದೆ ದಿನಗಳಲ್ಲಿ, ನಿಮ್ಮಲ್ಲಿ ಹಿಮ ಕರಗಿ ಮಳೆ ಹನಿಯುವ ಕಾಲದಲ್ಲಿ. ಆಗ ಹಾಕಿದ ಏಸಿಯನ್ನು ಗಾಜು ತಿಳಿಯಾದ ತಕ್ಷಣ ಆರಿಸಬೇಡ, ಏಕೆಂದರೆ ಕಾಯಿಲ್ ಮೇಲೆ ಉಳಿದ ನೀರು ಮತ್ತೆ ಆವಿಯಾಗಿ ಗಾಜು ಒಮ್ಮೆಲೇ ಮುಸುಕಿಬಿಡುತ್ತದೆ. ಪೆಟ್ರೋಲ್ ಖರ್ಚಾಗುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಆಗುವಷ್ಟಲ್ಲ. ತಿಂಗಳುಗಟ್ಟಲೆ ಓಡಿಸದೆ ಬಿಟ್ಟರೆ ಏಸಿಯ ಗ್ಯಾಸ್ ಜೊತೆಯಲ್ಲೇ ಹರಿಯುವ ಎಣ್ಣೆ ಕಂಪ್ರೆಸರ್ ಸೀಲಿಗೆ ತಲುಪದೆ ಅದು ಒಣಗುತ್ತದೆ; ಆದ್ದರಿಂದ ಆಗಾಗ ಓಡುವುದು ಯಂತ್ರಕ್ಕೂ ಒಳ್ಳೆಯದೇ. ಇಲ್ಲಿರುವ ನೀವೂ ಕೇಳಿ: ಆಷಾಢದ ಮಳೆಯಲ್ಲಿ ಮಡಿಕೇರಿಗೆ ಹೊರಟಾಗ ಗಾಜು ಮುಸುಕಿದರೆ ಕೈಯಿಂದ ಉಜ್ಜುತ್ತಾ ಕೂರದೆ ಏಸಿಯನ್ನೇ ಹಾಕಿ. ಒಳಗಿನಿಂದ ಒರೆಸಿದರೂ ಹೋಗದಿದ್ದರೆ ಅದು ಹೊರಮೈ ಮೇಲಿನ ಮಂಜು, ಏಸಿಯ ತಂಪೇ ಅದಕ್ಕೆ ಕಾರಣ. ಆಗ ವೈಪರ್ ಹಾಕಿ ತಂಪನ್ನು ಕಡಿಮೆ ಮಾಡಬೇಕು.

ಇನ್ನು ಅಕ್ಕ ಹೆದರಲೇಬೇಕಾದ ವಿಷಯವನ್ನು ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ರಾತ್ರಿಯಿಡೀ ಹಿಮ ಸುರಿದ ಮೇಲೆ ಸೈಲೆನ್ಸರಿನ ಬಾಯಿ ಮುಚ್ಚಿಹೋಗಿರಬಹುದು. ಅದನ್ನು ನೋಡದೆ ಎಂಜಿನ್ ಶುರು ಮಾಡಿ, ಕಾರು ಬೆಚ್ಚಗಾಗಲೆಂದು ಒಳಗೇ ಕುಳಿತರೆ ಹೊಗೆ ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣ ಹೋಗುವವರೆಗೆ ಗೊತ್ತಾಗದೇ ಇರಬಹುದು. ಪುಟ್ಟಾ, ಕೀಲಿ ತಿರುಗಿಸುವ ಮೊದಲು ಪ್ರತಿದಿನ ಹಿಂದಕ್ಕೆ ಹೋಗಿ ಸೈಲೆನ್ಸರ್ ಸುತ್ತಲಿನ ಹಿಮವನ್ನು ಸಲಿಕೆಯಿಂದ ತೆಗೆ, ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಎಂಜಿನ್ ಎಂದೂ ಓಡಿಸಬೇಡ. ನಿನ್ನ ಕಾರು ಯಾವ ವರ್ಷದ್ದು, ಗ್ಯಾರೇಜ್ ಮನೆಗೆ ಅಂಟಿಕೊಂಡಿದೆಯೇ ಎಂಬುದನ್ನು ಇವತ್ತೇ ತಿಳಿಸು.