ಐಸ್ ಹಾಕಿಲಿ ಸ್ಲ್ಯಾಪ್ ಶಾಟ್ (ಸ್ಟಿಕ್ ಹಿಂದಕ್ಕೆತ್ತಿ ಬೀಸಿ ಹೊಡೆಯೋದು) ಹೊಡೆದ್ರೆ ಪಕ್ (ರಬ್ಬರ್ ಬಿಲ್ಲೆ) ಸುಮ್ನೆ ಜಾರ್ಕೊಂಡ್ ಹೋಗತ್ತೆ, ಏನ್ ತಪ್ಪು?

ಬ್ರಾಂಪ್ಟನ್_ಬಿಸಿಬೇಳೆ:
ಕೆನಡಾಗೆ ಬಂದ್ಮೇಲೆ 34ನೇ ವಯಸ್ಸಲ್ಲಿ ಐಸ್ ಹಾಕಿ ಶುರು ಮಾಡ್ದೋನು ನಾನು, ಸ್ಕೇಟಿಂಗ್ ಹೇಗೋ ಬಂತು, ಮಣಿಕಟ್ಟು ತಿರುಗ್ಸಿ ಹೊಡೆಯೋ ರಿಸ್ಟ್ ಶಾಟೂ ಪರ್ವಾಗಿಲ್ಲ, ಆದ್ರೆ ಸ್ಲ್ಯಾಪ್ ಶಾಟ್ ಮಾತ್ರ ಕೂರ್ತಾನೇ ಇಲ್ಲ. ಸ್ಟಿಕ್ಕನ್ನ ತಲೆಗಿಂತ ಮೇಲಕ್ಕೆತ್ತಿ ಬೀಸ್ತೀನಿ, ನೆನ್ನೆ ಗೋಲ್‌ಕೀಪರ್ ನಗ್ತಾ ಕಾಲಲ್ಲೇ ತಡೆದ.

ಹಳೇ_ಡಿಫೆನ್ಸ್:
ನೀವು ನೇರ ಪಕ್‌ಗೇ ಹೊಡೀತಿದೀರ ಅನ್ಸತ್ತೆ. ಹೊಡೀಬೇಕಾಗಿರೋದು ಪಕ್‌ಗಿಂತ ಒಂದೆರಡು ಇಂಚು ಹಿಂದೆ, ಐಸ್‌ಗೆ! ಆಗ ಸ್ಟಿಕ್ ಬಿಲ್ಲಿನ ಥರ ಬಗ್ಗತ್ತೆ, ಅದು ವಾಪಸ್ ನೆಟ್ಟಗಾಗೋ ಜೋರಿಗೇ ಪಕ್ ಚಿಮ್ಮೋದು, ಬರೀ ತೋಳಿನ ಶಕ್ತಿ ಅಲ್ಲ ಅದು. ಕೆಳಗಿನ ಕೈ ಇನ್ನೂ ಸ್ವಲ್ಪ ಕೆಳಗೆ ಹಿಡೀರಿ, ಪಕ್ ಮುಂದಿನ ಪಾದದ ಹತ್ರ ಇರ್ಲಿ, ಮೈ ಭಾರ ಹಿಂದಿನ ಕಾಲಿಂದ ಮುಂದಿನ ಕಾಲಿಗೆ ಬರ್ಲಿ. ಕ್ರಿಕೆಟ್ ಆಡ್ದೋರು ಹಿಂಗಾಲಲ್ಲೇ ನಿಂತು ಎತ್ತಕ್ಕೆ ಹೋಗ್ತಾರೆ, ನಾನೂ ಅದೇ ಮಾಡ್ತಿದ್ದೆ.

ಫ್ಲೆಕ್ಸ್_ಗಿರಾಕಿ:
ಸ್ಟಿಕ್ ಮೇಲಿರೋ ಫ್ಲೆಕ್ಸ್ ನಂಬರ್ ಎಷ್ಟು? ನಂಬರ್ ಜಾಸ್ತಿ ಆದಷ್ಟೂ ಸ್ಟಿಕ್ ಗಟ್ಟಿ, ಬಗ್ಗೋದು ಕಮ್ಮಿ. ತೂಕ ಪೌಂಡಲ್ಲಿ ಎಷ್ಟಿದ್ಯೋ ಅದ್ರ ಅರ್ಧ ಅಂತ ಒಂದು ಅಂದಾಜು. 150 ಪೌಂಡ್ ಇರೋ ನಾನು 100ರದ್ದು ತಗೊಂಡು ಒಂದಿಡೀ ಸೀಸನ್ ಒನಕೆ ಬೀಸಿದ್ದಾಯ್ತು.

ಹಳೇ_ಡಿಫೆನ್ಸ್:
ಹೌದು ಅದೂ ನೋಡಿ. ಆಮೇಲೆ ಐಸ್ ಹಾಕಿ ಆಟಗಾರ ಜ್ದೆನೊ ಚಾರಾ 2012ರಲ್ಲಿ ಗಂಟೆಗೆ 108.8 ಮೈಲಿ ವೇಗದಲ್ಲಿ ಹೊಡ್ದಿದ್ದು ನೋಡ್ಕೊಂಡು ಬೀಸ್ಬೇಡಿ, ಆತ 6 ಅಡಿ 9 ಇಂಚು ಆಳು. ಸೊಂಟದ ಮಟ್ಟಕ್ಕೆತ್ತಿ ಶುರು ಮಾಡಿ ಸಾಕು.

ಬ್ರಾಂಪ್ಟನ್_ಬಿಸಿಬೇಳೆ:
ಈಗ್ ನೋಡ್ದೆ, ನಂದು 95, ತೂಕ 148 😅 ಗೊತ್ತಾಯ್ತು ಬಿಡಿ.