ಖಾಲಿ ಹೆವಿ ಡ್ಯೂಟಿ ಪಿಕಪ್‌ನ ಹಿಂಭಾಗ ಎತ್ತಿ ಕುಕ್ಕುತ್ತೆ, ಏರ್ ಬ್ಯಾಗ್ ಹಾಕಿಸಿದರೆ ಮೆತ್ತಗಾಗುತ್ತಾ?

ಖಾಲಿಡೆಕ್

ಒಂದು ಟನ್ ವರ್ಗದ ಡೀಸೆಲ್ ಪಿಕಪ್, ನಾಲ್ಕು ಬಾಗಿಲು, ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು). ತಿಂಗಳಿಗೆ ಎರಡು ಸಲ ಟ್ರೇಲರ್ ಎಳೆಯುವ ಕೆಲಸ, ಉಳಿದ ದಿನವೆಲ್ಲ ಖಾಲಿ ಓಡಾಟ. ಸೇತುವೆ ಜಾಯಿಂಟ್ ಸಿಕ್ಕಿದರೆ ಹಿಂಭಾಗ ಎಗರಿ ಬೀಳುತ್ತೆ. ತಿರುವಿನಲ್ಲಿ ಗುಂಡಿ ಬಂದರೆ ಹಿಂದಿನ ಚಕ್ರ ಪಕ್ಕಕ್ಕೆ ಜಿಗಿಯುತ್ತೆ. ಟೈರ್ 275/70 ಆರ್18, ಲೋಡ್ ರೇಂಜ್ ಇ, ಅಂದರೆ ಭಾರಿ ಲೋಡ್ ಹೊರುವ ವರ್ಗ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳಿದಂತೆ ಮುಂದೆ 60, ಹಿಂದೆ 80 ಪಿಎಸ್‌ಐ ಗಾಳಿ ಇದೆ. 90,000 ಕಿಮೀ ಆಗಿದೆ, ಶಾಕ್ (ಶಾಕ್ ಅಬ್ಸಾರ್ಬರ್) ಕಂಪನಿಯಿಂದ ಬಂದವೇ. ಹಿಂದಿನ ಸ್ಪ್ರಿಂಗ್ ಜೊತೆ ಕೂರಿಸುವ, ಗಾಳಿ ತುಂಬುವ ರಬ್ಬರ್ ಚೀಲ ಇದೆಯಲ್ಲ, ಆ ಏರ್ ಬ್ಯಾಗ್ ಕಿಟ್ ತರಿಸೋಣ ಅಂತಿದ್ದೇನೆ. ಸರಿಯಾ?

ಗಾಳಿಗೇಜು

ಸರ್, ಕಿಟ್ ಆಮೇಲೆ. ಮೊದಲು ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ. ಟ್ಯಾಂಕ್ ತುಂಬಿಸಿ, ದಿನಾ ಇರುವ ಟೂಲ್ ಬಾಕ್ಸ್ ಇಟ್ಟು, ನೀವೂ ಕೂತು, ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ ತೂಕ ಮಾಡಿಸಿ. ಸ್ಟಿಕ್ಕರ್‌ನಲ್ಲಿರುವ 80 ಪಿಎಸ್‌ಐ ಪೂರ್ತಿ ಲೋಡ್ ಹೊತ್ತಾಗ ಬೇಕಾಗುವ ಗಾಳಿ. ಖಾಲಿ ಗಾಡಿಗೂ ಅಷ್ಟೇ ತುಂಬಿದರೆ ಟೈರ್ ಬಗ್ಗುವುದೇ ಇಲ್ಲ, ಸಣ್ಣ ಏಟೂ ನೇರವಾಗಿ ಚಾಸಿಗೆ ಹೋಗುತ್ತೆ.

ಖಾಲಿಡೆಕ್

ತೂಕ ಮಾಡಿಸಿದೆ. ಮುಂದೆ 2,050 ಕೆಜಿ, ಹಿಂದೆ 1,320.

ಗಾಳಿಗೇಜು

ಅಂದರೆ ಹಿಂದಿನ ಒಂದೊಂದು ಟೈರ್ ಹೊರುತ್ತಿರುವುದು 660 ಕೆಜಿ. ಈ ಸೈಜಿನ ಇ ರೇಂಜ್ ಟೈರ್ 80 ಪಿಎಸ್‌ಐನಲ್ಲಿ 1,650 ಕೆಜಿ ಹೊರುತ್ತೆ. ಅದರ ಶಕ್ತಿಯಲ್ಲಿ ಅರ್ಧವೂ ಬಳಕೆಯಾಗುತ್ತಿಲ್ಲ.

ಟೈರ್ ತಯಾರಕರು ಲೋಡ್ ಮತ್ತು ಗಾಳಿಯ ಕೋಷ್ಟಕ ಕೊಡುತ್ತಾರೆ. ನಿಮ್ಮ ಸೈಜಿನ ಸಾಲಿನಲ್ಲಿ 660 ಕೆಜಿಗೆ ಎಷ್ಟು ಸಾಕು ಅಂತ ನೋಡಿ. ಎಡ ಬಲ ತೂಕ ಸರಿಸಮ ಇರುವುದಿಲ್ಲವಾದ್ದರಿಂದ ಮೇಲೆ 5 ಪಿಎಸ್‌ಐಯಾದರೂ ಸೇರಿಸಿ. ಕೋಷ್ಟಕದ ಅತಿ ಕೆಳಗಿನ ಅಂಕಿಗಿಂತ ಕೆಳಗೆ ಮಾತ್ರ ಇಳಿಯಲೇಬೇಡಿ. ನಿಮ್ಮ ತೂಕಕ್ಕೆ ಹಿಂದೆ 55ರಿಂದ ಶುರು ಮಾಡಿ, ನಾಲ್ಕೈದು ದಿನ ಓಡಿಸಿ, ಆಮೇಲೆ 50, 45 ಅಂತ ಇಳಿಸುತ್ತಾ ಬನ್ನಿ. ಅಳೆಯುವುದು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ. ಮುಂದೆ ಡೀಸೆಲ್ ಎಂಜಿನ್ ಭಾರ ಇರುವುದರಿಂದ 60 ಮುಟ್ಟಬೇಡಿ.

ಟೈರ್‌ಗೆ ಅಡ್ಡಡ್ಡ ಒಂದು ಸೀಮೆಸುಣ್ಣದ ಗೆರೆ ಎಳೆದು ಸಮ ರಸ್ತೆಯಲ್ಲಿ ನೂರು ಮೀಟರ್ ನೇರ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಇನ್ನೂ ಜಾಸ್ತಿ. ಅಂಚುಗಳು ಅಳಿಸಿ ನಡು ಉಳಿದಿದ್ದರೆ ಕಡಿಮೆಯಾಗಿದೆ. ಗಾಳಿ ಇಳಿಸಿದ ಮೇಲೆ ಡ್ಯಾಶ್‌ನಲ್ಲಿ ಟೈರ್ ಗಾಳಿ ಕಡಿಮೆ ಅನ್ನುವ ದೀಪ ಹತ್ತಬಹುದು. ಕೆಲವು ಹೊಸ ಗಾಡಿಗಳಲ್ಲಿ ಇದಕ್ಕೆಂದೇ ಲೈಟ್ ಲೋಡ್ ಸೆಟ್ಟಿಂಗ್ ಇದೆ, ಮ್ಯಾನುಯಲ್ ನೋಡಿ.

ಪಟ್ಟಿಬುಷ್

ಗಾಳಿಯ ಮಾತು ಸರಿ, ಆದರೆ ಎಗರಿ ಬೀಳುವುದು ಅಷ್ಟರಿಂದಲೇ ನಿಲ್ಲಲ್ಲ. ಬಗ್ಗಿದ ಸ್ಪ್ರಿಂಗ್ ಪಟ್ಟಿ ವಾಪಸ್ ಚಿಮ್ಮುವಾಗ ಹಿಡಿದಿಡಬೇಕಾದ್ದು ಶಾಕ್. 90,000 ಕಿಮೀ ಓಡಿದ ಶಾಕ್‌ನಲ್ಲಿ ಆ ಹಿಡಿತ ಉಳಿದಿರುವುದು ಅನುಮಾನ. ಎಣ್ಣೆ ಸೋರದಿದ್ದರೂ ಹೋಗಿರಬಹುದು. ಬಂಪರ್ ಒತ್ತಿ ನೋಡುವ ಪರೀಕ್ಷೆ ಈ ಗಾತ್ರದ ಗಾಡಿಗೆ ಉಪಯೋಗಕ್ಕೆ ಬರಲ್ಲ, ಇಷ್ಟು ಗಟ್ಟಿ ಸ್ಪ್ರಿಂಗ್ ಕೈಗೆ ಬಗ್ಗುವುದಿಲ್ಲ.

ಮೊನೊಟ್ಯೂಬ್ (ಒಂದೇ ಕೊಳವೆಯ) ಗ್ಯಾಸ್ ಶಾಕ್ ತಗೊಳ್ಳಿ. ಕೊಳ್ಳುವ ಮೊದಲು ಒಳಗಿನ ವಾಲ್ವ್ ಖಾಲಿ ಓಡಾಟಕ್ಕೆ ಹೊಂದಿಸಿದ್ದಾ, ಸದಾ ಲೋಡ್ ಇರುವ ಗಾಡಿಗಾ ಅಂತ ಕೇಳಿ. ಎರಡನೆಯದನ್ನು ಹಾಕಿದರೆ ಈಗಿನದಕ್ಕಿಂತ ಗಟ್ಟಿಯಾಗುತ್ತೆ. ಇನ್ನೊಂದು ವಿಷಯ ಬಹಳ ಜನ ತಪ್ಪುತ್ತಾರೆ: ರಬ್ಬರ್ ಬುಷ್‌ನ (ಜೋಡಣೆಯ ಕಣ್ಣಿನೊಳಗಿನ ರಬ್ಬರ್ ತೋಳು) ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೇ ಕೊನೆಯ ಟಾರ್ಕ್‌ಗೆ, ಅಂದರೆ ಹೇಳಿದಷ್ಟು ಬಲಕ್ಕೆ, ಬಿಗಿಯಬೇಕು. ಆಕ್ಸಲ್ ತೂಗಾಡುವಾಗ ಬಿಗಿದರೆ ಇಳಿಸಿದ ತಕ್ಷಣ ಬುಷ್ ತಿರುಚಿಕೊಳ್ಳುತ್ತೆ, ಸವಾರಿಯೂ ಗಡಸು, ಬುಷ್ಷೂ ಬೇಗ ಹರಿಯುತ್ತೆ.

ಆಮೇಲೆ ಟಾರ್ಚ್ ಹಿಡಿದು ಕೆಳಗೆ ಹೋಗಿ ಪಟ್ಟಿಗಳ ತುದಿ ನೋಡಿ. ಒಂದರ ಮೇಲೊಂದು ಉಜ್ಜಿ ಬೆಳ್ಳಗೆ ಹೊಳೆಯುವ ಗೀರು, ಪಕ್ಕದಲ್ಲಿ ಕಂದು ತುಕ್ಕಿನ ಪುಡಿ ಕಂಡರೆ ನಡುವಿನ ಪ್ಲಾಸ್ಟಿಕ್ ಪ್ಯಾಡ್ ಸವೆದಿದೆ ಅಂತ ಅರ್ಥ. ಆಗ ಸಣ್ಣ ಏಟಿಗೆ ಪಟ್ಟಿಗಳು ಜಾರದೆ ಒಂದೇ ದಪ್ಪ ಕಬ್ಬಿಣದ ಹಾಗೆ ನಡೆದುಕೊಳ್ಳುತ್ತವೆ. ಪಟ್ಟಿ ಬಿಚ್ಚಿ, ವೈರ್ ಬ್ರಷ್‌ನಲ್ಲಿ ಉಜ್ಜಿ, ಹೊಸ ಪ್ಯಾಡ್ ಕೂರಿಸಿ. ಗ್ರೀಸ್ ಮೆತ್ತಬೇಡಿ, ಮಣ್ಣು ಹಿಡಿದು ಉಪ್ಪುಕಾಗದ ಆಗುತ್ತೆ. ಬಿಚ್ಚುವಾಗ ಚಾಸಿಗೆ ಸ್ಟ್ಯಾಂಡ್, ಆಕ್ಸಲ್‌ಗೆ ಬೇರೆ ಜಾಕ್, ಎರಡೂ ಇರಲೇಬೇಕು. ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿದಿಡುವ ಯು ಬೋಲ್ಟ್‌ಗಳು ಒಮ್ಮೆ ಬಿಗಿದಾಗ ಹಿಗ್ಗಿರುತ್ತವೆ, ಮತ್ತೆ ಬಳಸಬೇಡಿ. ಹೊಸವನ್ನು ಅಡ್ಡಜೋಡಿಯಾಗಿ, ಹಂತಹಂತವಾಗಿ ಬಿಗಿದು, 100 ಕಿಮೀ ಆದ ಮೇಲೊಮ್ಮೆ, 800 ಕಿಮೀ ಆದ ಮೇಲೊಮ್ಮೆ ಟಾರ್ಕ್ ನೋಡಿ.

ಓವರ್‌ಲೋಡ್ ಪಟ್ಟಿ (ಲೋಡ್ ಜಾಸ್ತಿಯಾದಾಗ ಮಾತ್ರ ಕೆಲಸಕ್ಕೆ ಬರುವ ದಪ್ಪ ಪಟ್ಟಿ) ಖಾಲಿ ಗಾಡಿಯಲ್ಲಿ ಉಳಿದ ಪಟ್ಟಿಗಳಿಗೆ ತಾಗದೆ ಬಿಡುವು ಬಿಟ್ಟು ನಿಂತಿರಬೇಕು. ಈಗಲೇ ತಾಗಿದ್ದರೆ ಮೇಲಿನ ಪಟ್ಟಿಗಳು ಕುಸಿದಿವೆ. ಆಗ ಶಾಕ್ ಬದಲಿಸಿ ಪ್ರಯೋಜನವಿಲ್ಲ, ಪಟ್ಟಿಯ ಸೆಟ್ಟೇ ಬದಲಾಗಬೇಕು. ದಪ್ಪನೆಯ ಕೆಲವೇ ಪಟ್ಟಿಗಳ ಬದಲು ತೆಳುವಾದ ಹೆಚ್ಚು ಪಟ್ಟಿಗಳಿರುವ ಸೆಟ್ ಸಿಗುತ್ತೆ, ಖಾಲಿ ಗಾಡಿಗೆ ಅದೇ ಮೆತ್ತಗೆ.

ಖಾಲಿಡೆಕ್

ಹಾಗಾದರೆ ಏರ್ ಬ್ಯಾಗ್?

ಪಟ್ಟಿಬುಷ್

ಪಟ್ಟಿ ಇದ್ದ ಹಾಗೇ ಇಟ್ಟು ಬ್ಯಾಗ್ ಸೇರಿಸಿದರೆ ಪಟ್ಟಿಯ ಬಲದ ಜೊತೆ ಬ್ಯಾಗ್‌ನ ಬಲವೂ ಕೂಡುತ್ತೆ. ಗಡಸುತನ ಹೆಚ್ಚುತ್ತೆ, ಇಳಿಯಲ್ಲ. ಟ್ರೇಲರ್‌ನ ಮೂತಿಯ ಭಾರಕ್ಕೆ ಹಿಂಭಾಗ ಕುಸಿಯುತ್ತಿದ್ದರೆ ಅದು ಒಳ್ಳೆಯ ಸಾಧನ. ಖಾಲಿ ಇದ್ದಾಗಲೂ ತಯಾರಕರು ಹೇಳಿದ ಕನಿಷ್ಠ ಗಾಳಿ ಇರಬೇಕು, ಸಾಮಾನ್ಯವಾಗಿ 5 ಪಿಎಸ್‌ಐ. ಇಲ್ಲದಿದ್ದರೆ ರಬ್ಬರ್ ಮಡಚಿ ಹರಿಯುತ್ತೆ. ಬ್ಯಾಗ್ ಹಾಕಿದ ಮಾತ್ರಕ್ಕೆ ಆಕ್ಸಲ್ಲಿನ ತೂಕದ ಮಿತಿ ಏರುವುದಿಲ್ಲ. ಪಟ್ಟಿ ತೆಗೆದು ಪೂರ್ತಿ ಏರ್ ಸಸ್ಪೆನ್ಷನ್ ಮಾಡುವುದು ಬೇರೆಯೇ ಕೆಲಸ, ಅದು ನಿಜಕ್ಕೂ ಮೆತ್ತಗಾಗುತ್ತೆ, ಖರ್ಚೂ ಹಾಗೇ.

ಗಾಳಿಗೇಜು

ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಉಕ್ಕಿನ ಸರಳು) ಇರುವ ಗಾಡಿಯವರು ಇದನ್ನು ಓದುತ್ತಿದ್ದರೆ: ಬೋಲ್ಟ್ ತಿರುಗಿಸಿ ಮುಂಭಾಗ ಎತ್ತಿದ್ದರೆ ಮೊದಲು ಅದನ್ನು ಇಳಿಸಿ. ಎತ್ತಿದಷ್ಟೂ ಚಕ್ರ ಕೆಳಗಿಳಿಯುವ ದಾರಿ ಕಡಿಮೆಯಾಗಿ, ಗುಂಡಿ ಬಂದಾಗ ಮೇಲಿನ ಆರ್ಮ್ ಸ್ಟಾಪ್‌ಗೆ ಹೊಡೆಯುತ್ತೆ. ಎತ್ತರ ಬದಲಾದರೆ ಅಲೈನ್‌ಮೆಂಟೂ ಮಾಡಿಸಬೇಕು.

ಖಾಲಿಡೆಕ್ ಅವರೇ, ಟ್ರೇಲರ್ ಎಳೆಯುವ ದಿನ ಹೊರಡುವ ಮೊದಲೇ, ಟೈರ್ ತಣ್ಣಗಿರುವಾಗಲೇ ಹಿಂದೆ 80 ತುಂಬಿಸಿ. 45ರಲ್ಲೇ ಲೋಡ್ ಹೊತ್ತು ಹೆದ್ದಾರಿಗೆ ಹೋದರೆ ಟೈರ್‌ನ ಪಕ್ಕ ಬಗ್ಗಿ ಬಗ್ಗಿ ಕಾದು ಸಿಡಿಯಬಹುದು. ಒಂದು ಸಣ್ಣ ಕಂಪ್ರೆಸರ್, ಒಂದು ನಂಬಿಕೆಯ ಗೇಜ್ ಗಾಡಿಯಲ್ಲೇ ಇಟ್ಟುಕೊಳ್ಳಿ.