ಮಹಾಮಾರಿ ಹತ್ತಿರ ಬಂತೆಂದು ಯಾವುದನ್ನು ನೋಡಿ ಮನಸ್ಸು ಬದಲಿಸಬೇಕು?

ಔಷಧಿ ಅಂಗಡಿಯವನು, ಕಲಬುರಗಿ

ಮೊನ್ನೆ ಊಟಕ್ಕೆ ಕುಳಿತಾಗ ನನ್ನ ತಮ್ಮನಿಗೂ ನನ್ನ ಹೆಂಡತಿಗೂ ಜೋರು ವಾದವಾಯಿತು. ತಮ್ಮನದು ಬಟ್ಟೆ ಅಂಗಡಿ. "ಕೊರೊನಾಕ್ಕೆ ನಾವು ಹೆದರಿದ್ದು ಅತಿಯಾಯಿತು. ಇನ್ನೊಂದು ರೋಗ ಬಂದರೆ ನಾನಂತೂ ಬಾಗಿಲು ಹಾಕುವುದಿಲ್ಲ" ಎಂದು ಅವನು. "ಎರಡನೆಯ ಅಲೆಯಲ್ಲಿ ಮಾವನನ್ನು ಕಳೆದುಕೊಂಡವನು ಆಡುವ ಮಾತೇ ಇದು?" ಎಂದು ಇವಳು. ನಾನು ರೊಟ್ಟಿ ಮುರಿಯುತ್ತಾ ಸುಮ್ಮನಿದ್ದೆ. ಆದರೆ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿದೆ.

ಜನರ ಮನಸ್ಸು ತಿರುಗಿದ್ದನ್ನು ನಾನು ಕೌಂಟರಿನ ಈಚೆ ನಿಂತು ನೋಡಿದವನು. 2020ರ ಜನವರಿ 30ರಂದು ಕೇರಳದಲ್ಲಿ ದೇಶದ ಮೊದಲ ಪ್ರಕರಣ ಸಿಕ್ಕಿತು. ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ನಮ್ಮ ಬಿಸಿಲಿಗೆ ಅದು ಬದುಕುವುದಿಲ್ಲ ಬಿಡಿ" ಎನ್ನುತ್ತಿದ್ದರು. ಕಲಬುರಗಿಯವರಿಗೆ ಬಿಸಿಲಿನ ಮೇಲೆ ಬೈಗುಳವೂ ಇದೆ, ಅಭಿಮಾನವೂ ಇದೆ. ಮಾರ್ಚ್ 12ರಂದು, ದೇಶದಲ್ಲಿ ಈ ರೋಗಕ್ಕೆ ಮೊದಲು ಬಲಿಯಾದವರು ನಮ್ಮ ಊರಿನ ಹಿರಿಯರೇ ಎಂದು ಖಚಿತವಾಯಿತು. ಮರುದಿನ ಅಂಗಡಿ ತೆರೆಯುವ ಮೊದಲೇ ಸಾಲು ನಿಂತಿತ್ತು. ಮೂರು ಪದರದ ಮಾಸ್ಕ್ 10 ರೂಪಾಯಿ, 200 ಮಿಲಿ ಸ್ಯಾನಿಟೈಜರ್ 100 ರೂಪಾಯಿ ಮೀರಬಾರದು ಎಂದು ಕೇಂದ್ರ ಸರ್ಕಾರ ಮಾರ್ಚ್ 21ಕ್ಕೆ ಬೆಲೆ ಕಟ್ಟಿತು. ನಮಗೆ ಸಗಟಿನಲ್ಲೇ ಅದಕ್ಕಿಂತ ಹೆಚ್ಚು ಬಿದ್ದಿತ್ತು, ಬೈಗುಳ ಮಾತ್ರ ನಮಗೇ. ಆಮೇಲೆ ಕೊರೊನಾ ತಡೆಯುತ್ತದೆಂದು ಸುದ್ದಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಹುಚ್ಚು. ಸಂಧಿವಾತಕ್ಕೆ ವರ್ಷಗಳಿಂದ ಅದನ್ನು ನುಂಗುತ್ತಿದ್ದ ಹೆಣ್ಣುಮಗಳೊಬ್ಬರು ಬರಿಗೈಯಲ್ಲಿ ಹೋದರು, ಏಕೆಂದರೆ ಗಟ್ಟಿಮುಟ್ಟಾದವರು ಅದನ್ನು ಒಯ್ದು ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಮಾರ್ಚ್ 26ರಂದು ಅದನ್ನು ಮಾರಾಟಕ್ಕೆ ಕಟ್ಟುನಿಟ್ಟಿರುವ ಔಷಧಿಗಳ ಎಚ್1 ಪಟ್ಟಿಗೆ ಸೇರಿಸಿ ವೈದ್ಯರ ಚೀಟಿ ಬಿಗಿ ಮಾಡಿದ ಮೇಲೆ ನೂಕುನುಗ್ಗಲು ನಿಂತಿತು.

ಅದೇ ಗಿರಾಕಿಗಳು 2021ರ ಫೆಬ್ರವರಿಯಲ್ಲಿ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಬಂದು ಮದುವೆಯ ಕರೆಯೋಲೆ ಕೊಟ್ಟರು. ಏಪ್ರಿಲ್‌ನಲ್ಲಿ ಅವರಿಂದಲೇ ನಡುರಾತ್ರಿ ಫೋನು, ಆಕ್ಸಿಮೀಟರ್ ಇದೆಯೇ ಎಂದು.

ನಿಮ್ಮ ಮನಸ್ಸು ಯಾವುದನ್ನು ನೋಡಿ ಬದಲಾಯಿತು? ಮುಂದಿನ ಸಲಕ್ಕೆ ಯಾವ ಗುರುತು ಇಟ್ಟುಕೊಂಡಿದ್ದೀರಿ? "ಎಚ್ಚರವಿರಲಿ, ಭಯ ಬೇಡ" ಎಂಬ ಉತ್ತರ ದಯವಿಟ್ಟು ಬೇಡ. ಆ ಪೋಸ್ಟರ್ ನನ್ನ ಅಂಗಡಿಯ ಗೋಡೆಯ ಮೇಲೆ ಇನ್ನೂ ಇದೆ.

ಗಣಿತದ ಮಾಸ್ತರ, ಧಾರವಾಡ

ಎಷ್ಟು ಜನರಿಗೆ ಬಂದಿದೆ ಎಂದು ನೋಡಬೇಡಿ, ಎಷ್ಟು ದಿನಕ್ಕೆ ಇಮ್ಮಡಿಯಾಗುತ್ತಿದೆ ಎಂದು ನೋಡಿ. 2020ರ ಮಾರ್ಚ್ ಮಧ್ಯದಲ್ಲಿ ದೇಶದಲ್ಲಿ ನೂರು ಪ್ರಕರಣ. ಇಷ್ಟು ದೊಡ್ಡ ದೇಶಕ್ಕೆ ನೂರು ಯಾವ ಲೆಕ್ಕ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ತಿಂಗಳ ಕೊನೆಗೆ ಸಾವಿರ. ಎರಡು ವಾರಕ್ಕೆ ಹತ್ತು ಪಟ್ಟು ಎಂದರೆ ನಾಲ್ಕೈದು ದಿನಕ್ಕೊಮ್ಮೆ ಇಮ್ಮಡಿ. ಅದೇ ವೇಗ ಉಳಿದಿದ್ದರೆ ಏಪ್ರಿಲ್ ಮುಗಿಯುವುದರೊಳಗೆ ಲಕ್ಷ. ಲಾಕ್‌ಡೌನ್‌ನಿಂದ ವೇಗ ತಗ್ಗಿ ಲಕ್ಷ ಮುಟ್ಟಿದ್ದು ಮೇ 19ರ ಹೊತ್ತಿಗೆ.

2021ರಲ್ಲಿ ಇದೇ ಲೆಕ್ಕ ಕಣ್ಣ ಮುಂದೆ ಇತ್ತು. ಫೆಬ್ರವರಿಯಲ್ಲಿ ರಾಜ್ಯದಲ್ಲಿ ದಿನಕ್ಕೆ ನಾನೂರರ ಆಸುಪಾಸು, ಮೇ 5ರಂದು ಒಂದೇ ದಿನ 50 ಸಾವಿರ ದಾಟಿತು. ನಾನೂರು ಎಂಟುನೂರಾದಾಗಲೇ ಏಳಬೇಕಿತ್ತು. ನನ್ನ ನಿಯಮ ಇಷ್ಟೇ: ಸತತ ಎರಡು ವಾರ ಇಮ್ಮಡಿಯಾದರೆ ಮದುವೆಗೆ ಹೋಗುವುದಿಲ್ಲ. ಇಳಿಯತೊಡಗಿದರೆ ಹೋಗುತ್ತೇನೆ, ಹೋಳಿಗೆಯನ್ನೂ ಬಿಡುವುದಿಲ್ಲ.

ಆಶಾ ಕಾರ್ಯಕರ್ತೆ, ಹಾಸನ ಜಿಲ್ಲೆ

ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ ಸಂಖ್ಯೆ ಸಿಗಬೇಕಾದರೆ ಜನ ಜ್ವರವನ್ನು ಹೇಳಿಕೊಳ್ಳಬೇಕಲ್ಲ.

ನಮ್ಮ ಊರಿನಲ್ಲಿ ಮೊದಲ ಲಾಕ್‌ಡೌನ್‌ನಲ್ಲಿ ರಸ್ತೆಗೆ ಅಡ್ಡವಾಗಿ ಮುಳ್ಳು ಹಾಕಿದರು. ಬೆಂಗಳೂರಿನಿಂದ ನಡೆದು ಬಂದ ಸ್ವಂತ ಊರಿನ ಹುಡುಗರನ್ನು ಶಾಲೆಯಲ್ಲಿ ಮಲಗಿಸಿದರು. ಆಗ ಇಡೀ ಹೋಬಳಿಯಲ್ಲಿ ಒಬ್ಬರಿಗೂ ರೋಗ ಇರಲಿಲ್ಲ. ಮರುವರ್ಷ ಮನೆಮನೆಗೂ ಬಂದಾಗ ಮುಳ್ಳು ಹಾಕುವವರೇ ಇಲ್ಲ. ನಾನು ಥರ್ಮಾಮೀಟರ್ ಹಿಡಿದು ಹೋದರೆ "ಗದ್ದೆಗೆ ಹೋಗಿದ್ದಾರೆ" ಎನ್ನುತ್ತಿದ್ದರು, ಒಳಗಿನಿಂದ ಕೆಮ್ಮು ಕೇಳುತ್ತಿತ್ತು.

ಏಕೆ ಗೊತ್ತೇ? ಮೊದಲ ವರ್ಷ ಕೈಗೆ ಮುದ್ರೆ ಒತ್ತಿ, ಬಾಗಿಲಿಗೆ ಚೀಟಿ ಅಂಟಿಸಿದ್ದನ್ನು ಅವರು ನೋಡಿದ್ದರು. ಚೀಟಿ ಅಂಟಿದ ಮನೆಯ ಹಾಲನ್ನು ಡೈರಿಗೆ ತರಬೇಡಿ ಎಂದವರೂ ಇದ್ದರು. ರೋಗಕ್ಕಿಂತ ಆ ಚೀಟಿಗೆ ಹೆದರಿದರು. ನಾನು ಕೊನೆಗೆ ಹಿತ್ತಲ ಬಾಗಿಲಿನಿಂದ ಹೋಗಿ, ಹೆಂಗಸರೊಂದಿಗೆ ಮಾತನಾಡಿ, ಪರೀಕ್ಷೆಗೆ ಒಪ್ಪಿಸಬೇಕಾಯಿತು. ನನ್ನನ್ನು ಕೇಳಿದರೆ, ಪಕ್ಕದ ಮನೆಯವರು ಜ್ವರ ಮುಚ್ಚಿಡಲು ಶುರು ಮಾಡಿದರೆಂದರೆ ರೋಗ ಊರೊಳಗೆ ಬಂದಿದೆ ಎಂದೇ ಅರ್ಥ.

ನಿವೃತ್ತ ಗ್ರಂಥಪಾಲಕಿ, ಮೈಸೂರು

ಹಿಂದಿನವರ ಬಳಿ ಇಂಥ ಒಂದು ಗುರುತು ಇತ್ತು: ಇಲಿ. 1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಮೈಸೂರಿಗೂ ಬಂತು, ಹಲವು ವರ್ಷ ಮತ್ತೆ ಮತ್ತೆ ಬಂತು. ನನ್ನ ಅಜ್ಜಿ ಹೇಳುತ್ತಿದ್ದರು, ಅಟ್ಟದಿಂದ ಇಲಿ ಬಿದ್ದು ಸತ್ತರೆ ಪಾತ್ರೆಪಗಡ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದೇ. ಮನುಷ್ಯ ಸಾಯುವವರೆಗೆ ಕಾಯುತ್ತಿರಲಿಲ್ಲ. ಪ್ಲೇಗ್ ಮಾರಮ್ಮನಿಗೆ ಹರಕೆಯನ್ನೂ ಹೊರುತ್ತಿದ್ದರು, ಊರನ್ನೂ ಬಿಡುತ್ತಿದ್ದರು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದೂ ಆ ಪ್ಲೇಗಿನ ಬಳಿಕವೇ. ಕೊರೊನಾಕ್ಕೆ ಇಲಿ ಇರಲಿಲ್ಲ, ಲಕ್ಷಣವಿಲ್ಲದವರಿಂದಲೂ ಹರಡುತ್ತಿತ್ತು. ನಮ್ಮ ಕಷ್ಟ ಅದೇ.

ಔಷಧಿ ಅಂಗಡಿಯವನು, ಕಲಬುರಗಿ

ಅಮ್ಮನವರೇ, ಇಲಿಯ ಮಾತು ಓದಿ ನನಗೊಂದು ಹೊಳೆಯಿತು. ಮಾಸ್ತರರೇ, ನಿಮ್ಮ ಲೆಕ್ಕ ಸರಿ, ಆದರೆ ಸರ್ಕಾರಿ ಸಂಖ್ಯೆ ಪರೀಕ್ಷೆ ನಡೆದಷ್ಟೇ ಬರುತ್ತದೆ. 2020ರ ಮಾರ್ಚ್‌ನಲ್ಲಿ ಬಹಳ ದಿನ ವಿದೇಶದಿಂದ ಬಂದವರನ್ನು, ಅವರ ಸಂಪರ್ಕದವರನ್ನು ಬಿಟ್ಟರೆ ಬೇರೆಯವರಿಗೆ ಪರೀಕ್ಷೆಯೇ ಇರಲಿಲ್ಲ. ಅಕ್ಕನವರು ಹೇಳಿದಂತೆ ಜನ ಮುಚ್ಚಿಟ್ಟರೆ ಇನ್ನೂ ಕಡಿಮೆ. ಆದರೆ ಜ್ವರ ಮುಚ್ಚಿಡುವವರಿಗೂ ಪ್ಯಾರಾಸಿಟಮಾಲ್ ಬೇಕೇ ಬೇಕು! ಅದನ್ನು ಪಕ್ಕದ ಓಣಿಯ ನನ್ನಂಥವನೇ ಮಾರುತ್ತಾನೆ. ಮಾಸ್ಕ್ ಮಾರಾಟ ಹೆದರಿಕೆಯನ್ನು ತೋರಿಸುತ್ತದೆ, ಅದು ಟಿವಿ ನೋಡಿ ಏರುತ್ತದೆ. ಜ್ವರದ ಮಾತ್ರೆ ಹಾಗಲ್ಲ. 2021ರ ಬಿಲ್ಲುಗಳು ಕಂಪ್ಯೂಟರಿನಲ್ಲಿವೆ, ಮಾರ್ಚ್‌ನಿಂದ ತೆಗೆದು ನೋಡುತ್ತೇನೆ. ದಿನದ ಲೆಕ್ಕ ಹಾಕಲೇ, ವಾರದ್ದೇ?

ಗಣಿತದ ಮಾಸ್ತರ, ಧಾರವಾಡ

ವಾರದ್ದು. ಭಾನುವಾರ ಮುಚ್ಚುವ ಅಂಗಡಿಗೆ ಸೋಮವಾರ ಹೇಗೂ ಹೆಚ್ಚು ಬರುತ್ತದೆ. ಸಾಧ್ಯವಾದರೆ ಕೊರೊನಾ ಇಲ್ಲದ 2019ರ ಬಿಲ್ಲುಗಳನ್ನೂ ಪಕ್ಕದಲ್ಲಿ ಇಡಿ, ಬೇಸಿಗೆಯ ಮಾಮೂಲಿ ಜ್ವರವನ್ನು ಕಳೆಯಬೇಕು. ಒಂದೇ ಅಂಗಡಿ ಸಾಲದು, ಬೇರೆ ಬೇರೆ ಓಣಿಯ ಇನ್ನೂ ನಾಲ್ಕು ಜನರನ್ನು ಒಪ್ಪಿಸಿ.